ನಾಯಿಯ ಹಲ್ಲಿಗಿಂತ ಮೊದಲು ಒಸಡು ನೋಡಿ

ನಾಯಿ ಹತ್ತಿರ ಬಂದು ಮುಖ ನೆಕ್ಕಿದಾಗ ಗಬ್ಬು ವಾಸನೆ ಬಂದರೆ, "ನಾಯಿ ಬಾಯಿ ಅಂದ್ಮೇಲೆ ನಾರೋದೇ" ಅಂತ ಬಹಳ ಮನೆಗಳಲ್ಲಿ ಸುಮ್ಮನಾಗಿಬಿಡುತ್ತಾರೆ. ಹಾಗೆ ಬಿಡಬೇಡಿ. ಆರೋಗ್ಯವಾಗಿರುವ ನಾಯಿಯ ಬಾಯಿ ಮೂಗು ಮುಚ್ಚಿಕೊಳ್ಳುವಷ್ಟು ನಾರುವುದಿಲ್ಲ. ಆ ವಾಸನೆಗೆ ಹೆಚ್ಚಿನ ಸಲ ಒಸಡೇ ಕಾರಣ.

ಇವತ್ತೇ ಒಂದು ಕೆಲಸ ಮಾಡಿ. ನಾಯಿ ಆರಾಮಾಗಿ ಕೂತಿರುವಾಗ ಪಕ್ಕಕ್ಕೆ ಹೋಗಿ ಕೂತು, ಅದರ ಮೇಲ್ತುಟಿಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿ. ಬಾಯಿ ತೆರೆಸುವುದು ಬೇಡ. ಕೋರೆಹಲ್ಲಿನಿಂದ ಹಿಂದಕ್ಕೆ ನೋಡುತ್ತಾ ಹೋದರೆ, ಸುಮಾರಾಗಿ ಕಣ್ಣಿನ ಕೆಳಗೆ ಒಂದು ದೊಡ್ಡ ಹಲ್ಲು ಕಾಣುತ್ತದೆ. ಪಾಚಿ ಜಾಸ್ತಿ ಕಟ್ಟುವ ಜಾಗ ಅದು. ಜೊಲ್ಲು ಬರುವ ನಾಳ ಅದರ ಪಕ್ಕದಲ್ಲೇ ಬಾಯಿಗೆ ತೆರೆದುಕೊಳ್ಳುತ್ತದೆ. ಹಲ್ಲು ಬಿಳಿಯೋ ಹಳದಿಯೋ ಅನ್ನುವುದು ಆಮೇಲೆ. ಮೊದಲು ಅದಕ್ಕೆ ಅಂಟಿಕೊಂಡಿರುವ ಒಸಡಿನ ಅಂಚು ನೋಡಿ. ತಿಳಿ ಗುಲಾಬಿ ಬಣ್ಣ ಇದ್ದರೆ ಒಳ್ಳೆಯದು. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು, ಅದಕ್ಕೂ ಹೆದರಬೇಕಿಲ್ಲ. ಅಂಚಿನುದ್ದಕ್ಕೂ ಕೆಂಪು ಗೆರೆ ಎಳೆದ ಹಾಗಿದ್ದರೆ, ಮುಟ್ಟಿದ ತಕ್ಷಣ ರಕ್ತ ಒಸರಿದರೆ, ಒಸಡು ಕೆಡಲು ಶುರುವಾಗಿದೆ ಅಂತ ಅರ್ಥ.

ನಮಗೆ ಹಲ್ಲು ಹುಳುಕಾಗುವ ಹಾಗೆ ನಾಯಿಗಳಿಗೆ ಆಗುವುದು ಅಪರೂಪ. ಅವುಗಳ ಕಷ್ಟ ಇರುವುದು ಒಸಡಿನಲ್ಲೇ. ತಿಂದ ಮೇಲೆ ಹಲ್ಲಿನ ಮೇಲೆ ಮೆತ್ತಗಿನ ಪಾಚಿ ಕೂರುತ್ತದೆ. ಎರಡು ಮೂರು ದಿನ ಒರೆಸದೆ ಬಿಟ್ಟರೆ, ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಅದು ಗಟ್ಟಿಯಾಗುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಪದರ ಕಟ್ಟುತ್ತದಲ್ಲ, ಹಾಗೇ. ಮೆತ್ತಗಿರುವಾಗ ಬಟ್ಟೆಯಲ್ಲಿ ಒರೆಸಿದರೂ ಹೋಗುತ್ತದೆ. ಗಟ್ಟಿಯಾದ ಮೇಲೆ ಯಾವ ಬ್ರಷ್‌ಗೂ ಬಗ್ಗುವುದಿಲ್ಲ. ಅದಕ್ಕೇ ಭಾನುವಾರ ಒಂದು ದಿನ ಕೂರಿಸಿಕೊಂಡು ಜೋರಾಗಿ ಉಜ್ಜಿದರೆ ಉಪಯೋಗವಿಲ್ಲ. ದಿನಾ ಒಂದೊಂದು ನಿಮಿಷ ಸಾಕು. ತೀರಾ ಆಗದಿದ್ದರೆ ದಿನ ಬಿಟ್ಟು ದಿನ.

ಮೊದಲ ದಿನವೇ ಬ್ರಷ್ ಹಿಡಿದು ಹೋಗಬೇಡಿ. ಮೂರ್ನಾಲ್ಕು ದಿನ ತುಟಿ ಎತ್ತಿ ನೋಡಿ, ಬೆನ್ನು ಸವರಿ, ಬಿಟ್ಟುಬಿಡಿ. ಆಮೇಲೆ ಹಳೇ ಪಂಚೆಯ ತುಂಡನ್ನು ತೋರುಬೆರಳಿಗೆ ಸುತ್ತಿ, ನೀರಿನಲ್ಲಿ ಒದ್ದೆ ಮಾಡಿ, ಕೋರೆಹಲ್ಲನ್ನಷ್ಟೇ ಒರೆಸಿ. ಅದಕ್ಕೆ ರೂಢಿಯಾದ ಮೇಲೆ ಹಿಂದಿನ ಹಲ್ಲುಗಳಿಗೆ ಹೋಗಿ. ಎದುರಿಗೆ ನಿಂತು ಮುಖದ ಮೇಲೆ ಬಗ್ಗಿದರೆ ಎಷ್ಟೋ ನಾಯಿಗಳು ಹೆದರುತ್ತವೆ. ಪಕ್ಕದಲ್ಲಿ ಕೂತರೆ ಕೊಸರಾಡುವುದು ಕಡಿಮೆ. ಬಟ್ಟೆಗೆ ಒಗ್ಗಿದ ನಾಯಿಗೆ ಚಿಕ್ಕ ಮಕ್ಕಳ ಮೆತ್ತನೆಯ ಬ್ರಷ್ ಸಾಕು. ಬ್ರಷ್ಷನ್ನು ಸ್ವಲ್ಪ ಓರೆಯಾಗಿ, ಒಸಡು ಮತ್ತು ಹಲ್ಲು ಸೇರುವ ಗೆರೆಯ ಮೇಲೆ ಇಟ್ಟು ಸಣ್ಣದಾಗಿ ಸುತ್ತಿಸಿ. ಒಳಗಿನ ಬದಿಗೆ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ನಾಲಿಗೆ ತಾನೇ ಓಡಾಡುತ್ತಿರುತ್ತದೆ, ಹೊರಗಿನ ಬದಿಯಷ್ಟು ಪಾಚಿ ನಿಲ್ಲುವುದಿಲ್ಲ. ನಾಯಿ ಗುರ್ ಅಂದರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸಿ. ಹಿಡಿದು ಅದುಮಿ ಉಜ್ಜಿದರೆ ಮರುದಿನ ಬ್ರಷ್ ಕಂಡೊಡನೆ ಮಂಚದ ಕೆಳಗೆ ಸೇರಿಕೊಳ್ಳುತ್ತದೆ.

ಇನ್ನೊಂದು ಮಾತು. ರೇಬೀಸ್ ಲಸಿಕೆ ಸರಿಯಾಗಿ ಹಾಕಿಸಿರುವ ಮನೆ ನಾಯಿಗೆ ಮಾತ್ರ ಇದೆಲ್ಲ. ಲಸಿಕೆಯ ಲೆಕ್ಕ ಗೊತ್ತಿಲ್ಲದ ಬೀದಿ ನಾಯಿಯ ಬಾಯಿಗೆ ಎಷ್ಟೇ ಪ್ರೀತಿ ಇದ್ದರೂ ಕೈ ಹಾಕಬೇಡಿ.

ನಮ್ಮ ಪೇಸ್ಟ್ ಮಾತ್ರ ಖಂಡಿತ ಬೇಡ. ನಾವು ಉಗಿಯುತ್ತೇವೆ, ಅದು ನುಂಗುತ್ತದೆ. ಫ್ಲೋರೈಡ್ ಹೊಟ್ಟೆಗೆ ಹೋಗುತ್ತದೆ. ಕೆಲವು ಪೇಸ್ಟ್‌ಗಳಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿ ಇರುತ್ತದೆ. ಅದು ನಾಯಿಗೆ ವಿಷ. ರಕ್ತದ ಸಕ್ಕರೆ ದಿಢೀರಂತ ಇಳಿಸಿಬಿಡುತ್ತದೆ, ಲಿವರ್ ಕೆಡಿಸುತ್ತದೆ. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲೂ ಅದು ಇರುತ್ತದೆ, ಕೈಗೆಟಕುವ ಹಾಗೆ ಇಡಬೇಡಿ. ನಾಯಿಗೆಂದೇ ಕೋಳಿ ರುಚಿಯ ಪೇಸ್ಟ್ ಅಂಗಡಿಯಲ್ಲಿ ಸಿಗುತ್ತದೆ. ಅದಿಲ್ಲದಿದ್ದರೆ ಬರೀ ನೀರೇ ಸಾಕು, ಪಾಚಿ ತೆಗೆಯುವುದು ಉಜ್ಜುವ ಕೈ. ಉಪ್ಪು, ಸೋಡಾ, ಲವಂಗದ ಎಣ್ಣೆ, ಇದ್ದಿಲು ಪುಡಿ ಯಾವುದೂ ಬೇಡ. ಇದ್ದಿಲು ಪುಡಿ ಹಲ್ಲನ್ನು ಸವೆಸಿ, ಒಸಡನ್ನು ತರಚುತ್ತದೆ ಅಷ್ಟೇ.

"ಮೂಳೆ ಕಡಿಯುತ್ತಲ್ಲ, ಹಲ್ಲು ತಾನಾಗೇ ಕ್ಲೀನ್ ಆಗುತ್ತೆ" ಅನ್ನುವವರಿಗೆ ಕಮ್ಮಿಯಿಲ್ಲ. ಬೇಯಿಸಿದ ಮೂಳೆ ಸೀಳಿ ಚೂಪಾಗುತ್ತದೆ, ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ತುಂಬಾ ಗಟ್ಟಿ ಮೂಳೆ ಕಡಿದರೆ ಆಗಲೇ ಹೇಳಿದ ಆ ದೊಡ್ಡ ಹಲ್ಲೇ ಸೀಳು ಬಿಡುತ್ತದೆ. ನಿಮ್ಮ ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿ ವಸ್ತುವನ್ನು ನಾಯಿಗೆ ಕಡಿಯಲು ಕೊಡಬೇಡಿ. ಹಸಿ ಕ್ಯಾರೆಟ್ ಕೊಡಿ, ಖುಷಿಯಿಂದ ಅಗಿಯುತ್ತದೆ. ಹಾಲಿನಲ್ಲಿ ನೆನೆಸಿದ ಬಿಸ್ಕತ್ತು ಮಾತ್ರ ನನಗೆ ಒಂಚೂರೂ ಇಷ್ಟವಿಲ್ಲ. ಹಲ್ಲಿನ ಸಂದಿಯಲ್ಲಿ ಮೆತ್ತಿಕೊಂಡು ರಾತ್ರಿಯೆಲ್ಲ ಕೂತಿರುತ್ತದೆ.

ಮರಿ ಇದ್ದರೆ ಈಗಲೇ ಬಾಯಿ ಮುಟ್ಟಿಸಿಕೊಳ್ಳುವ ಅಭ್ಯಾಸ ಮಾಡಿಸಿ. ಮರಿಗೆ 28 ಹಾಲುಹಲ್ಲು, ದೊಡ್ಡದಕ್ಕೆ 42. ನಾಲ್ಕನೇ ತಿಂಗಳ ಸುಮಾರಿಗೆ ಹಾಲುಹಲ್ಲು ಬೀಳಲು ಶುರುವಾಗಿ ಏಳನೇ ತಿಂಗಳ ಹೊತ್ತಿಗೆ ಮುಗಿಯುತ್ತದೆ. ಆಗ ಒಸಡು ನೋಯುತ್ತಿರುತ್ತದೆ, ಬ್ರಷ್ ಬಿಟ್ಟು ಸುಮ್ನೆ ತುಟಿ ಎತ್ತಿ ನೋಡಿ. ಪಾಮರೇನಿಯನ್, ಶಿಟ್ಜು ತರಹದ ಚಿಕ್ಕ ಜಾತಿಗಳಲ್ಲಿ ಹಾಲುಹಲ್ಲು ಬೀಳದೆ ಹೊಸ ಹಲ್ಲಿನ ಪಕ್ಕದಲ್ಲೇ ಉಳಿದುಬಿಡುವುದುಂಟು. ಒಂದೇ ಜಾಗದಲ್ಲಿ ಎರಡು ಕೋರೆ ಕಂಡರೆ ಡಾಕ್ಟರಿಗೆ ತೋರಿಸಿ ತೆಗೆಸಿ.

ಕಂದು ಬಣ್ಣದ ಗಟ್ಟಿ ಪದರ ಆಗಲೇ ಕಟ್ಟಿದ್ದರೆ ಮನೆಯಲ್ಲಿ ಚಾಕು, ಮೊಳೆ ಹಾಕಿ ಕೆರೆಯಬೇಡಿ. ಕೆರೆದ ಜಾಗ ಒರಟಾಗಿ ಪಾಚಿ ಇನ್ನೂ ಬೇಗ ಹಿಡಿಯುತ್ತದೆ. ನಿಜವಾದ ಕೊಳೆ ಒಸಡಿನ ಕೆಳಗಿರುತ್ತದೆ, ಅಲ್ಲಿಗೆ ನಮ್ಮ ಕೈ ಹೋಗುವುದಿಲ್ಲ. ಒಂದೇ ಕಡೆ ಅಗಿಯುವುದು, ತಟ್ಟೆಯಿಂದ ಎತ್ತಿದ್ದನ್ನು ಬಾಯಿಂದ ಬೀಳಿಸುವುದು, ರಕ್ತ ಬೆರೆತ ಜೊಲ್ಲು, ಕಣ್ಣಿನ ಕೆಳಗೆ ಊತ, ಇವು ಕಂಡರೆ ತಡ ಮಾಡಬೇಡಿ. ಕಣ್ಣಿನ ಕೆಳಗಿನ ಊತವನ್ನು ಜೇನು ಕಚ್ಚಿರಬೇಕು ಅಂತ ಬಿಡುವವರಿದ್ದಾರೆ. ಆ ದೊಡ್ಡ ಹಲ್ಲಿನ ಬೇರಿನಲ್ಲಿ ಕೀವಾದರೂ ಅಲ್ಲೇ ಊದುತ್ತದೆ.

ಡಾಕ್ಟರು ನಾಯಿಗೆ ಅರಿವಳಿಕೆ ಕೊಟ್ಟು ಸ್ಕೇಲಿಂಗ್, ಅಂದರೆ ಆ ಗಟ್ಟಿ ಪದರ ತೆಗೆಯುವ ಕೆಲಸ, ಮಾಡುತ್ತಾರೆ. ಎಚ್ಚರವಿರುವ ನಾಯಿಯ ಒಸಡಿನ ಕೆಳಗೆ ಸರಿಯಾಗಿ ಕ್ಲೀನ್ ಮಾಡಲು ಆಗುವುದಿಲ್ಲ. ವಯಸ್ಸಾದ ನಾಯಿ ಅಂತ ಹೆದರಿಕೆ ಇದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಕಿಡ್ನಿ ಲಿವರ್ ಹೇಗಿದೆ ಅಂತ ಕೇಳಿಕೊಳ್ಳಿ. ಸ್ಕೇಲಿಂಗ್ ಆದ ಮೇಲೆ ಮತ್ತೆ ಯಾವಾಗಿನಿಂದ ಉಜ್ಜಬಹುದು ಅನ್ನುವುದನ್ನೂ ಅವತ್ತೇ ಕೇಳಿ ಬನ್ನಿ.