ಭಾನುವಾರದ ಕೆಲಸ ದಿನದ ಕೆಲಸ ಆಗಿದ್ದು

ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿ ಪೇರೋಲ್, ಅಂದರೆ ನೌಕರರ ಸಂಬಳದ ಲೆಕ್ಕ, ನೋಡಿಕೊಳ್ಳುತ್ತಿದ್ದೆ. ಮನೆ ಗಿರಿನಗರ. ಬೆಳಿಗ್ಗೆ 7.30ಕ್ಕೆ ಕ್ಯಾಬ್ ಹತ್ತಿದರೆ ಸಿಲ್ಕ್ ಬೋರ್ಡ್ ದಾಟಿ ಸೀಟಿನಲ್ಲಿ ಕೂರುವಷ್ಟರಲ್ಲಿ 9.30. ಅಮ್ಮ ತಾರಸಿಯಲ್ಲಿ ಇಟ್ಟಿದ್ದ ನಾಲ್ಕು ಕುಂಡ ನನ್ನ ಕೈಗೆ ಬಂದು ಅರವತ್ತಾಗಿತ್ತು. ಸಂಜೆ ಗಿಡ ನೋಡೋಣ ಅಂದರೆ ಆಗಲೇ ಕತ್ತಲು. ಹಾಗಾಗಿ ಬೆಳಿಗ್ಗೆ 5.30ರಿಂದ 7ರವರೆಗಿನ ಹೊತ್ತನ್ನು ಗಿಡಕ್ಕೆ ಅಂತಲೇ ಎತ್ತಿಟ್ಟೆ, ಆಗ ಫೋನ್ ಮುಟ್ಟುತ್ತಿರಲಿಲ್ಲ.

ಪಕ್ಕದ ಬೀದಿಯ ಆಂಟಿ ಒಬ್ಬರು "ನಮ್ಮನೆ ತಾರಸಿಗೂ ಮಾಡ್ಕೊಡಪ್ಪ, ಸುಮ್ನೆ ಬೇಡ, ದುಡ್ಡು ತಗೋ" ಅಂದರು. ನನ್ನ ಇಷ್ಟದ ಕೆಲಸಕ್ಕೆ ಸಿಕ್ಕ ಮೊದಲ ದುಡ್ಡು. ಅದನ್ನೇ ಕೆಡಿಸಿದೆ. 40 ಕುಂಡಕ್ಕೂ ಬರೀ ಕೆಂಪು ಮಣ್ಣು, ಗೊಬ್ಬರ ತುಂಬಿ ನೆಲಕ್ಕೇ ಇಟ್ಟುಬಿಟ್ಟಿದ್ದೆ. ಅಕ್ಟೋಬರ್ ಮಳೆ ಹಿಡಿದಾಗ ನೀರು ಅಲ್ಲೇ ನಿಂತು ಕೆಳಗಿನ ರೂಮಿನ ಸೂರಿನಲ್ಲಿ ತೇವ ಕಾಣಿಸಿತು. ಆಂಟಿ ಬೈಯಲಿಲ್ಲ, ಆ ಕಲೆ ತೋರಿಸಿ ಸುಮ್ಮನೆ ನಿಂತರು. ಅವರ ಆ ಮುಖ ಇವತ್ತಿಗೂ ಕಣ್ಣ ಮುಂದಿದೆ. ನನ್ನ ಖರ್ಚಲ್ಲೇ ವಾಟರ್‌ಪ್ರೂಫಿಂಗ್ ಮಾಡಿಸಿಕೊಟ್ಟೆ. ಆಮೇಲಿಂದ ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಮೂರೂ ಸಮಪಾಲು, ಕೆಳಗೆ ಕಬ್ಬಿಣದ ಸ್ಟ್ಯಾಂಡ್, ದೊಡ್ಡ ಕುಂಡವೆಲ್ಲ ಭಾರ ಹೊರುವ ಬೀಮ್ ಇರುವ ಕಡೆಗೆ. 5 ಕೆಜಿ ಕೋಕೋಪೀಟ್ ಇಟ್ಟಿಗೆ ನೀರು ಕುಡಿದು 60 ಲೀಟರಿನಷ್ಟು ಉಬ್ಬುತ್ತದೆ, ಆದರೂ ಒದ್ದೆ ಮಣ್ಣಿಗಿಂತ ಎಷ್ಟೋ ಹಗುರ.

ಕೆಲಸ ಬಿಡಬೇಕು ಅನ್ನಿಸಿದಾಗ ಆ ಕಂಪನಿಯಲ್ಲಿ 4 ವರ್ಷ 4 ತಿಂಗಳಾಗಿತ್ತು. ದಿನಾ ಬೇರೆಯವರ ಲೆಕ್ಕ ಮಾಡುತ್ತಿದ್ದವನಿಗೆ ತನ್ನದು ಗೊತ್ತಿರುವುದಿಲ್ಲವಾ? 5 ವರ್ಷ ತುಂಬಿದರೆ ವರ್ಷಕ್ಕೆ 15 ದಿನದ ವೇತನದಂತೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಸಿಗುತ್ತದೆ. ಕಾದೆ. ಹೊರಗಿನ ಕೆಲಸಕ್ಕೆ ಅನುಮತಿ ಬೇಕು ಅಂತ ಆಫರ್ ಲೆಟರಿನಲ್ಲಿತ್ತು, ಮ್ಯಾನೇಜರಿಗೆ ಮೇಲ್ ಹಾಕಿ ಒಪ್ಪಿಗೆ ತಗೊಂಡೆ. ಆ ಎಂಟು ತಿಂಗಳು ಒಂದು ಭಾನುವಾರವನ್ನೂ ಬಿಡದೆ ಗಿಡದ ಕೆಲಸಕ್ಕೆ ಬೇರೆಯವರ ತಾರಸಿ ಹತ್ತಿದೆ, ಬಂದ ದುಡ್ಡನ್ನು ಮನೆ ಖರ್ಚಿಗೆ ಮುಟ್ಟದೆ ಬೇರೆ ಖಾತೆಯಲ್ಲಿ ಇಟ್ಟೆ. ಅಮ್ಮನಿಗೆ ಶುಗರ್ ಇದೆ. ಕಂಪನಿಯ ಇನ್ಶೂರೆನ್ಸ್ ಕೆಲಸದ ಜೊತೆಗೇ ಹೋಗುತ್ತದೆ, ಹೊಸ ಪಾಲಿಸಿ ಮಾಡಿಸಿದರೆ ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಬೇಕಾಗಬಹುದು. ಅದಕ್ಕೇ ಸಂಬಳ ಬರುತ್ತಿರುವಾಗಲೇ ಅಮ್ಮನ ಹೆಸರಲ್ಲಿ ಪಾಲಿಸಿ ಮಾಡಿಸಿದೆ. ಕೆಲಸ ಬಿಡೋದು ಹೇಗೆ ಅಂತ ಕೇಳಿಕೊಂಡು ಬರುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ.

ಬಿಟ್ಟು ಈಗ ಎರಡು ವರ್ಷ. ಸಂಬಳದಷ್ಟು ಬರುವುದಿಲ್ಲ, ಮಳೆಗಾಲದಲ್ಲಿ ಇನ್ನೂ ಕಮ್ಮಿ. ಅದಕ್ಕಿಂತ ಜಾಸ್ತಿ ನೋವಾಗಿದ್ದು ಬೇರೆ. ದಿನಾ ಬೇರೆಯವರ ತಾರಸಿ ಹತ್ತಿ ಇಳಿದು ಸುಸ್ತಾಗಿ, ನಮ್ಮನೆ ಗಿಡಗಳ ಕಡೆ ನೋಡುವುದನ್ನೇ ಬಿಟ್ಟಿದ್ದೆ. ಹಿಟ್ಟುತಿಗಣೆ ಅನ್ನುವ ಬಿಳಿ ಹುಳ ಹತ್ತಿ ಅರ್ಧ ಹೋಯಿತು. ಒಂದು ದಿನ ಮೇಲೆ ಹೋದರೆ ಅಮ್ಮ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ದಾಸವಾಳದ ಒಂದೊಂದೇ ಎಲೆ ತೊಳೆಯುತ್ತಾ ಕೂತಿದ್ದಳು. ಅವತ್ತಿನಿಂದ 5.30ರ ಹೊತ್ತು ಮತ್ತೆ ನಮ್ಮ ತಾರಸಿಗೆ. ಅಲ್ಲಿನ ಬಸಳೆಯ ಒಂದು ಕಡ್ಡಿಯನ್ನೂ ಮಾರುವುದಿಲ್ಲ, ಯಾರಾದರೂ ಕೇಳಿದರೆ ಮುರಿದು ಕೊಡುತ್ತೇನೆ.