ಪಂಕ್ತಿ ಊಟದ ದೃಶ್ಯ: ಸಾರು ಚೆಲ್ಲುವುದಕ್ಕೆ ಏನೆಲ್ಲ ಬೇಕು

ಮದುವೆ ಮನೆ ಪಂಕ್ತಿ. ಬಡಿಸುವವನ ಕೈಯಿಂದ ಬಕೆಟ್ ಜಾರಿ ಬೀಗರ ಪಂಚೆ ತುಂಬ ಸಾರು. ಎಲ್ಲರೂ ನಗುವಾಗ ಹೆಣ್ಣಿನ ಅಪ್ಪ ಬಗ್ಗಿ, ತನ್ನ ಶಲ್ಯದಲ್ಲೇ ಅದನ್ನು ಒರೆಸುತ್ತಾನೆ. ದೊಡ್ಡ ಬಜೆಟ್ ಅಂದರೆ ಸ್ಟಾರ್ ಸಂಭಾವನೆ, ಸೆಟ್ಟು ಅನ್ನುತ್ತಾರೆ. ಇಂಥ ದೃಶ್ಯದಲ್ಲಿ ದುಡ್ಡು ಕರಗುವುದು ‘ಒನ್ ಮೋರ್’ ಅನ್ನುವ ಮಾತಿಗೆ.

ಬಸವನಗುಡಿ, ಮಲ್ಲೇಶ್ವರದ ಮಂಟಪಗಳು ಖಾಲಿ ಸಿಗುವುದು ಆಷಾಢದಲ್ಲಿ, ಇಲ್ಲವೇ ಧನುರ್ಮಾಸದಲ್ಲಿ. ನಾವು ಹಿಡಿದದ್ದು ಆಷಾಢ. ಊಟದ ಹಾಲ್ ನೆಲಮಾಳಿಗೆಯಲ್ಲಿದ್ದರೆ ಮಳೆಗಾಳಿಯ ಸದ್ದಿಲ್ಲ, ಆದರೆ ಮಾತು ಗೋಡೆಗೆ ಬಡಿದು ಗುಂಯ್ ಅನ್ನುತ್ತದೆ. ಫ್ರೇಮಿಗೆ ಬರದ ಗೋಡೆಗಳಿಗೆಲ್ಲ ದಪ್ಪ ಕಂಬಳಿ ಇಳಿಬಿಟ್ಟೆವು. ಸಿಂಕ್ ಸೌಂಡ್ (ಶೂಟಿಂಗ್ ವೇಳೆಯೇ ರೆಕಾರ್ಡ್ ಮಾಡುವ ಮಾತು) ಕೆಡಿಸುವ ಇನ್ನೊಂದು ವಸ್ತು ಟೇಬಲ್ ಮೇಲಿನ ಪೇಪರ್ ರೋಲ್. ಕೈ ತಾಗಿದರೆ ಸರಸರ. ಕೆಳಗೆ ತೆಳ್ಳನೆ ಬಟ್ಟೆ ಹಾಸಿ, ಕಾಗದಕ್ಕೆ ನೀರು ಚಿಮುಕಿಸಿದರೆ ಸುಮ್ಮನಾಗುತ್ತದೆ. ಬಕೆಟ್ ತಳಕ್ಕೆ ರಬ್ಬರ್. ಹಿಂದಿನ ಸಾಲಿನ ಜೂನಿಯರ್ ಆರ್ಟಿಸ್ಟ್‌ಗಳು ಬರೀ ಬಾಯಾಡಿಸುತ್ತಾರೆ, ಗದ್ದಲವನ್ನು ಆಮೇಲೆ ಬೇರೆಯಾಗಿ ರೆಕಾರ್ಡ್ ಮಾಡುವುದು. ಅವರಿಗೆ ಮೊದಲು ನಿಜವಾದ ಊಟ ಹಾಕಿಸಲೇಬೇಕು. ಹಸಿದವರ ಮುಂದೆ ಎಲೆ ಹಾಕಿ ‘ತಿನ್ನಬೇಡಿ’ ಅಂದರೆ ಯಾರು ಕೇಳುತ್ತಾರೆ? ಲೈಟಿನ ಕಾವಿಗೆ ಆ ಅನ್ನ ಹಳಸಿರುತ್ತದೆ ಬೇರೆ.

ಲೆಕ್ಕವೆಲ್ಲ ಪಂಚೆಯಿಂದ ಶುರು. ಎಂಟು ಟೇಕ್ ಎಂದಿಟ್ಟುಕೊಂಡು ಬೀಗರಿಗೆ ಒಂದೇ ತರದ 8 ಜೊತೆ ಪಂಚೆ–ಅಂಗಿ. ಮುಂದಿನ ಸಾಲಿನಲ್ಲಿ 12 ಜನ, ಟೇಕಿಗೆ 12 ಹೊಸ ಎಲೆ, ಒಟ್ಟು 96. ಹರಿದದ್ದು, ಬಾಡಿದ್ದು ಸೇರಿಸಿ 120 ಎಲೆ ಕೆ.ಆರ್. ಮಾರ್ಕೆಟ್ಟಿನಿಂದ ಬೆಳಗಿನ ಜಾವವೇ ಬರಬೇಕು. ಹಿಂದಿನ ಸಾಲುಗಳ ಎಲೆ ಬದಲಿಸುವುದಿಲ್ಲ, ನೀರು ಸಿಂಪಡಿಸಿದರೆ ಸಾಕು. ಆರ್ಟ್ ವಿಭಾಗದ ಹುಡುಗರು ಟೇಬಲ್ಲಿನ ಎದುರು ಬದಿಯಿಂದ ಹಾಕುವಾಗ ಎಲೆ ಉಲ್ಟಾ ಆಗುತ್ತದೆ: ತುದಿ ಉಣ್ಣುವವರ ಎಡಕ್ಕಿರಬೇಕು, ಉಪ್ಪು ಎಡಗಡೆ ಮೇಲೆ. ನಮ್ಮ ಪ್ರೇಕ್ಷಕರು ಲೆನ್ಸ್ ತಪ್ಪು ಕ್ಷಮಿಸಿಯಾರು, ಇದನ್ನಲ್ಲ. ಪ್ರತಿ ಎಲೆಯನ್ನೂ ಮೇಲಿನಿಂದ ಫೋಟೋ ತೆಗೆದು ನಂಬರ್ ಹಾಕಿಟ್ಟೆವು.

ಸಾರು ನಿಜವಾದದ್ದಲ್ಲ. ಅರಿಶಿನ, ಎಣ್ಣೆ ಬಿದ್ದರೆ ಪಕ್ಕದವರ ಬಾಡಿಗೆ ರೇಷ್ಮೆ ಸೀರೆ ಹಾಳು. ಉಗುರುಬೆಚ್ಚನೆ ಬೆಲ್ಲದ ನೀರು, ಸ್ವಲ್ಪ ಹುಣಸೆರಸ, ಮೇಲೆ ಕೊತ್ತಂಬರಿ. ಇದರ ತೊಂದರೆ ನೆಲ ಅಂಟುವುದು. ಪ್ರತಿ ಸಲ ಬಿಸಿನೀರಲ್ಲಿ ಒರೆಸಿ ಒಣಗಿಸಬೇಕು; ಎರಡು ಟೇಕ್‌ಗಳ ನಡುವೆ ಹೆಚ್ಚು ಹೊತ್ತು ತಿನ್ನುವ ಕೆಲಸ ಇದೇ.

ಮೂರು ಕ್ಯಾಮೆರಾ ಒಟ್ಟಿಗೆ: ಒಂದು ತಲೆಯಿಂದ ಕಾಲಿನವರೆಗೆ ವೈಡ್, ಒಂದು ಬೀಗರ ಮೇಲೆ, ಇನ್ನೊಂದು ಹೆಣ್ಣಿನ ಅಪ್ಪನ ಮೇಲೆ. ಬೆಚ್ಚಿಬೀಳುವ ಮುಖ ಮೊದಲ ಸಲ ಇದ್ದಂತೆ ಐದನೇ ಸಲ ಇರುವುದಿಲ್ಲ, ಹಾಗಾಗಿ ರಿಯಾಕ್ಷನ್‌ಗಳನ್ನು ಬೇರೆ ಬೇರೆ ತೆಗೆದರೆ ನಗು ಸಾಯುತ್ತದೆ. ನಮ್ಮ ಕರೆಂಟು 50 ಹರ್ಟ್ಜ್, ಟ್ಯೂಬ್‌ಲೈಟ್ ಮಿಣುಕದಿರಲು ಸೆಕೆಂಡಿಗೆ 24 ಫ್ರೇಮಿನಲ್ಲಿ ಶಟರ್ 172.8 ಡಿಗ್ರಿ, ಅಂದರೆ ಪ್ರತಿ ಫ್ರೇಮಿಗೆ ಸೆಕೆಂಡಿನ ಐವತ್ತನೇ ಒಂದು ಭಾಗ ಬೆಳಕು. ಅಲಂಕಾರದ ಸೀರಿಯಲ್ ಲೈಟುಗಳು ಇದಕ್ಕೂ ಬಗ್ಗದೆ ಇರಬಹುದು. ಬಾಡಿಗೆಗೆ ತರುವ ಮೊದಲೇ ಕ್ಯಾಮೆರಾದಲ್ಲಿ ನೋಡಿ. ಅಲೆಕ್ಸಾ ಮಿನಿ ಎಲ್‌ಎಫ್ ಕ್ಯಾಮೆರಾದಲ್ಲಿ 4448×3096 ಪಿಕ್ಸೆಲ್‌ನ ರಾ (ಕುಗ್ಗಿಸದ) ಫುಟೇಜ್ ಗಂಟೆಗೆ ಸುಮಾರು 1.8 ಟಿಬಿ. ಅದು ಗುಣಿಸು ಮೂರು, ಮೇಲೆ ಇನ್ನೊಂದು ಕಾಪಿ.

ಸಾರು ಬಿದ್ದ ಮೇಲೆ ಎರಡು ಮೂರು ಸೆಕೆಂಡು ಯಾರೂ ಮುಖ್ಯವಾದ ಮಾತಾಡಬಾರದು. ಥಿಯೇಟರಿನ ನಗುವಿನಲ್ಲಿ ಮಾತು ಮುಳುಗಿಹೋಗುತ್ತದೆ. ಆ ಮೌನವನ್ನು ಶೂಟಿಂಗ್‌ನಲ್ಲೇ ತೆಗೆದಿಟ್ಟರೆ ಮಾತ್ರ ಎಡಿಟಿಂಗ್‌ನಲ್ಲಿ ಎಳೆಯಲು ಏನಾದರೂ ಇರುತ್ತದೆ.

ಅಪ್ಪ ಒರೆಸುವ ಭಾಗ ಮರುದಿನ ಬೆಳಿಗ್ಗೆಗೆ, ಒಂದೇ ಕ್ಯಾಮೆರಾ, ಕೆಲಸವಿಲ್ಲದವರೆಲ್ಲ ಹೊರಗೆ. ಕಲೆ ಎಲ್ಲಿ ಹೇಗೆ ಬೀಳುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲದ್ದರಿಂದ ಈ ಕ್ರಮ ಬದಲಿಸುವಂತಿಲ್ಲ. ಪ್ರತಿ ಪಂಚೆಗೂ ಟೇಕ್ ನಂಬರಿನ ಚೀಟಿ ಕಟ್ಟಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ರಾತ್ರಿ ನಿರ್ದೇಶಕರು ಯಾವ ಟೇಕ್ ಓಕೆ ಎಂದು ಹೇಳುವವರೆಗೆ ಒಂದನ್ನೂ ಒಗೆಯಲು ಕೊಡಬಾರದು. ಒಣಗಿದ ಕಲೆ ಬಣ್ಣ ಕಳೆದುಕೊಳ್ಳುವುದರಿಂದ ಬೆಳಿಗ್ಗೆ ಪ್ರತಿ ಟೇಕಿಗೆ ಮೊದಲು ಅದರ ಅಂಚು ದಾಟದಂತೆ ಸ್ಪ್ರೇ ಬಾಟಲಿಯಲ್ಲಿ ನೀರು ಹೊಡೆಯಬೇಕು.