ಕರಡಿ ಕಾಡಿಗೆ ಹೊರಟಿದ್ದೀರಾ? ಮಧುಗಿರಿಯವನ ಪೆದ್ದುತನ ಕೇಳಿಕೊಂಡು ಹೋಗಿ

ತುಮಕೂರು ಕಡೆಯಿಂದ ಅಮೆರಿಕಕ್ಕೆ ಬಂದವರು ಮೊದಲ ಬೇಸಿಗೆಗೇ ಕರಡಿಗಳಿರುವ ಅಲ್ಲಿನ ರಾಷ್ಟ್ರೀಯ ಉದ್ಯಾನ ಯೆಲ್ಲೋಸ್ಟೋನ್‌ಗೆ ಹೊರಡುತ್ತಾರೆ. ನಾನೂ ಹೊರಟೆ. ಮಧುಗಿರಿಯವನಿಗೆ ಕರಡಿ ಹೊಸದಾ ಅನ್ನೋ ಧಿಮಾಕು ಬೇರೆ.

ಜೊತೆಗಿದ್ದ ಗೆಳೆಯನಿಗೆ ಗ್ರೀನ್ ಕಾರ್ಡ್, ಅಂದರೆ ಅಲ್ಲೇ ಕಾಯಂ ನೆಲೆಸುವ ಪರವಾನಗಿ ಇತ್ತು, ಸೊಂಟದಲ್ಲಿ ಪಿಸ್ತೂಲೂ ಇತ್ತು. 2010ರಿಂದ ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ರಾಜ್ಯದ ಕಾನೂನು ಒಪ್ಪಿದರೆ ಬಂದೂಕು ಇಟ್ಟುಕೊಳ್ಳಬಹುದು. ಸರ್ಕಾರಿ ಕಟ್ಟಡದೊಳಗೆ ಒಯ್ಯುವ ಹಾಗಿಲ್ಲ, ಸುಮ್ನೆ ಗುಂಡು ಹಾರಿಸುವ ಹಾಗೂ ಇಲ್ಲ. "ಸ್ವಲ್ಪ ಹೊತ್ತು ನೀನು ಕಟ್ಕೋ" ಅಂದ. ಕಟ್ಟಿಕೊಂಡೆ. ಮೀಸೆ ತಿರುವಿ ಫೋಟೋನೂ ತೆಗೆಸಿಕೊಂಡೆ!

ನಾನಾಗ ಎಚ್-1ಬಿ ಅನ್ನೋ ತಾತ್ಕಾಲಿಕ ಕೆಲಸದ ವೀಸಾದಲ್ಲಿದ್ದೆ. ಆ ಥರ ವೀಸಾದವರು ಬಂದೂಕಿರಲಿ, ಒಂದು ಗುಂಡು ಇಟ್ಟುಕೊಂಡರೂ ಸಾಮಾನ್ಯವಾಗಿ ಅಪರಾಧ. ಗೊತ್ತಾಗಿದ್ದು ಎರಡು ವರ್ಷದ ಮೇಲೆ. ಆ ರಾತ್ರಿ ನಿದ್ದೆ ಬರಲಿಲ್ಲ ಕಣ್ರೀ. ಬೇಟೆ ಲೈಸೆನ್ಸಿನಂಥ ವಿನಾಯಿತಿಗಳುಂಟು. ವಕೀಲರನ್ನು ಕೇಳಿ, ಗೆಳೆಯರನ್ನಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಜಾಸ್ತಿ. ಪಿಸ್ತೂಲು ಇದೆಯಲ್ಲ ಅಂತ ಸದ್ದಿಲ್ಲದೆ ನಡೆದೆ. ತಿರುವು ದಾಟಿದರೆ ಗ್ರಿಜ್ಲಿ ಕರಡಿ, ಎರಡು ಬಸ್ಸಿನ ಉದ್ದದಷ್ಟು ದೂರದಲ್ಲಿ. ಕೂತು ಮಣ್ಣು ಕೆದಕುತ್ತಿತ್ತು. ನನ್ನ ಬೆರಳು ನಡುಗಿ ಪಿಸ್ತೂಲಿನ ಚೀಲದ ಗುಂಡಿಯೇ ಬಿಚ್ಚಲಿಲ್ಲ. ಕರಡಿಗೆ ಎರಚುವ ಖಾರದ ಬೇರ್ ಸ್ಪ್ರೇ ಎಲ್ಲಿ? ಬ್ಯಾಗಿನ ತಳದಲ್ಲಿ, ಹೋಳಿಗೆ ಡಬ್ಬಿಯ ಕೆಳಗೆ. ತುಪ್ಪ ಸವರಿದ ಹೋಳಿಗೆ! ಕರಡಿ ತಲೆಯೆತ್ತಿ ಗಾಳಿ ಮೂಸಿತು. ಏನನ್ನಿಸಿತೋ, ಇಳಿಜಾರಿಗೆ ಇಳಿದು ಹೋಯಿತು.

ಸ್ಪ್ರೇ ಸೊಂಟಕ್ಕೋ ಎದೆಗೋ ಕಟ್ಟಿಕೊಳ್ಳಿ. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಗೊತ್ತಲ್ಲ, ಇದು ಅದರಪ್ಪ. ಮೋಡದ ಹಾಗೆ ಹರಡುವುದರಿಂದ ನಡುಗುವ ಕೈಗೂ ಆಗುತ್ತದೆ. ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲೇ ಕೊಳ್ಳಿ. ಕರಡಿಯಿಂದ 100 ಗಜ ದೂರವಿರಬೇಕು ಅನ್ನೋದು ಯೆಲ್ಲೋಸ್ಟೋನ್ ನಿಯಮ. ತಿಂಡಿ ಟೆಂಟಿನೊಳಗೆ ಬೇಡ, ಚಟ್ನಿಪುಡಿಯೂ ಬೇಡ.

ನಮ್ಮ ತಾತ ಕಡಲೆಕಾಯಿ ಹೊಲಕ್ಕೆ ನಸುಕಲ್ಲಿ ಹೋಗುವಾಗ ದಾರಿಯುದ್ದಕ್ಕೂ ಕೋಲು ಕುಟ್ಟಿ "ಹೋಯ್, ಹೋಯ್" ಅನ್ನುತ್ತಿದ್ದರು. ನಾವು ಬರೋದು ಕರಡಿಗೆ ಗೊತ್ತಾಗಲಿ ಅಂತ. ಹುಡುಗನಾಗಿದ್ದಾಗ ಅದು ನನಗೆ ನಾಚಿಕೆ. ಇಲ್ಲಿನ ರೇಂಜರ್ ಹೇಳುವುದೂ ಅದನ್ನೇ: ಗುಂಪಾಗಿ ಹೋಗಿ, ತಿರುವಿನಲ್ಲಿ ಕೂಗಿ. ಆ ಹೊಲ ಈಗ ನಮ್ಮದಲ್ಲ, ಮಾರಾಯಿತು. ಮಗಳು ನೋಡಿಯೂ ಇಲ್ಲ. ಆದರೆ ಕಾಡಿಗೆ ಹೋದಾಗ ಅವಳೇ ಮುಂದೆ. "ಹೋಯ್ ಕರಡಪ್ಪಾ, ಬರ್ತಿದ್ದೀವಿ!" ರಕಾರ ಮಾತ್ರ ಸ್ವಲ್ಪ ಹೊರಳುತ್ತದೆ.